ಗಾಡಿ ನಮ್ಮದು, ಎತ್ತು ಕಂಪನಿಯದು

ಎಚ್‌ಪಿ ಕಂಪನಿಯ ಲೇಸರ್‌ಜೆಟ್ 4 ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಅಂಥದ್ದೊಂದು ಪ್ರಿಂಟರ್ ಯಾವುದೋ ಕಚೇರಿಯ ಮೂಲೆಯಲ್ಲಿ ಇನ್ನೂ ಗಟ್ಟಿಮುಟ್ಟಾಗಿ ಉಳಿದಿದ್ದರೆ, ಅದರ ಅಗಲವಾದ ಪ್ಯಾರಲಲ್ ಪೋರ್ಟಿಗೆ ಯುಎಸ್‌ಬಿ ಕೇಬಲ್ಲೊಂದನ್ನು ಸಿಕ್ಕಿಸಿ, ಪಿಸಿಎಲ್ ಎಂಬ ಪ್ರಿಂಟರ್ ಭಾಷೆ ಬಲ್ಲ ಯಾವುದಾದರೊಂದು ಸಾಮಾನ್ಯ ಡ್ರೈವರ್ ಹಾಕಿ, ಇವತ್ತಿನ ಕಂಪ್ಯೂಟರಿನಿಂದಲೂ ಪುಟ ತೆಗೆಯಬಹುದು. ಅದೇ ಕಂಪನಿ 2001ರಲ್ಲಿ ತಂದ ಲೇಸರ್‌ಜೆಟ್ 1000ದ ಕತೆ ಬೇರೆ. ಅದು ವಯಸ್ಸಿನಲ್ಲಿ ಒಂಬತ್ತು ವರ್ಷ ಕಿರಿಯದು, ಅದಕ್ಕೆ ನೇರವಾಗಿ ಯುಎಸ್‌ಬಿ ಇದೆ. ಆದರೂ 64 ಬಿಟ್ ವಿಂಡೋಸ್‌ಗೆ ಜೋಡಿಸಿದರೆ, ಏನೋ ಒಂದು ಯಂತ್ರ ಬಂದಿದೆ ಎಂದು ಗುರುತಿಸಿ ಕಂಪ್ಯೂಟರ್ ಅಲ್ಲಿಗೇ ಸುಮ್ಮನಾಗುತ್ತದೆ. ಆ ಯಂತ್ರಕ್ಕೆ 64 ಬಿಟ್ ಡ್ರೈವರ್ ಬರಲೇ ಇಲ್ಲ. ಕ್ಯಾನನ್‌ನ ಎಲ್‌ಬಿಪಿ-810, ಎಲ್‌ಬಿಪಿ-1120ರ ಗತಿಯೂ ಇದೇ. ಹಿರಿಯದು ನಡೆಯುತ್ತಿದೆ, ಕಿರಿಯದು ನಿಂತಿದೆ ಎಂದರೆ ‘ಹಳೆಯ ಪ್ರಿಂಟರ್’ ಎಂಬ ಮಾತನ್ನು ನಾವು ವರ್ಷಗಳ ಲೆಕ್ಕದಲ್ಲಿ ಹೇಳುವುದೇ ತಪ್ಪು ಎಂದಾಯಿತು. ಯಂತ್ರದ ಬುದ್ಧಿಯನ್ನು ಎಲ್ಲಿ ಇಟ್ಟಿದ್ದರು ಎಂಬುದರ ಮೇಲೆ ಅದರ ಮುಪ್ಪು ನಿಂತಿದೆ.

ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಲೇಸರ್‌ಜೆಟ್ 4ರಂಥ ಪ್ರಿಂಟರುಗಳಿಗೆ ತಮ್ಮದೇ ಒಂದು ಭಾಷೆ ಬರುತ್ತಿತ್ತು. ಎಚ್‌ಪಿಯ ಪಿಸಿಎಲ್ ಒಂದು, ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಇನ್ನೊಂದು, ಡಾಟ್ ಮ್ಯಾಟ್ರಿಕ್ಸ್‌ಗಳಲ್ಲಿ ಎಪ್ಸನ್ ರೂಢಿಗೆ ತಂದ ಇಎಸ್‌ಸಿ/ಪಿ ಮತ್ತೊಂದು. ಈ ಅಕ್ಷರವನ್ನು ಇಷ್ಟು ಗಾತ್ರದಲ್ಲಿ ಇಲ್ಲಿಡು, ಇಲ್ಲಿಂದ ಅಲ್ಲಿಗೆ ಗೆರೆ ಎಳೆ ಎಂದು ಕಂಪ್ಯೂಟರ್ ಹೇಳಿದರೆ ಸಾಕು, ಚುಕ್ಕೆಗಳ ಲೆಕ್ಕವನ್ನೆಲ್ಲ ಪ್ರಿಂಟರ್ ತಾನೇ ಮಾಡಿಕೊಳ್ಳುತ್ತಿತ್ತು. ಆ ಭಾಷೆಗಳ ವಿವರ ಪುಸ್ತಕರೂಪದಲ್ಲಿ ಪ್ರಕಟವಾಗಿತ್ತು, ಯಾರು ಬೇಕಾದರೂ ಓದಿ ಡ್ರೈವರ್ ಬರೆಯಬಹುದಿತ್ತು. ಆಮೇಲೆ ಬಂದ ಅಗ್ಗದ ಮಾದರಿಗಳಲ್ಲಿ ಈ ಬುದ್ಧಿಯನ್ನು ಯಂತ್ರದಿಂದ ಕಿತ್ತು ಕಂಪ್ಯೂಟರಿನೊಳಗೆ ಇಟ್ಟರು. 600 ಡಿಪಿಐನಲ್ಲಿ ಒಂದು ಎ4 ಪುಟ ಎಂದರೆ ಅಡ್ಡಕ್ಕೆ 4,960, ಉದ್ದಕ್ಕೆ 7,016 ಚುಕ್ಕೆಗಳು, ಒಟ್ಟು ಮೂರೂವರೆ ಕೋಟಿಗೆ ಸ್ವಲ್ಪ ಕಡಿಮೆ. ಚುಕ್ಕೆಗೊಂದು ಬಿಟ್‌ನಂತೆ ಲೆಕ್ಕ ಹಾಕಿದರೂ 4.3 ಎಂಬಿ ಆಗುತ್ತದೆ. ನಮ್ಮಲ್ಲಿ ಮನೆಮಾತಾದ ಲೇಸರ್‌ಜೆಟ್ 1020ರ ಹೊಟ್ಟೆಯಲ್ಲಿರುವುದು 2 ಎಂಬಿ ಮೆಮೊರಿ. ಹಾಗಾಗಿ ಪುಟದ ಚಿತ್ರವನ್ನು ಕಂಪ್ಯೂಟರೇ ಬರೆದು, ಒತ್ತಿ ಕಿರಿದು ಮಾಡಿ, ಕಂಪನಿಯ ಖಾಸಗಿ ಕಟ್ಟಳೆಯ ಪ್ರಕಾರ ಹರಿಯಬಿಡಬೇಕು. ಪ್ರಿಂಟರ್ ಅದನ್ನು ಬಿಚ್ಚುತ್ತ ಕಾಗದಕ್ಕೆ ಇಳಿಸುತ್ತದೆ. ಲೇಸರ್‌ಜೆಟ್ 1000, 1005, 1018, 1020ರಲ್ಲಿ ಈ ಪರಾವಲಂಬನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅವುಗಳ ಫರ್ಮ್‌ವೇರ್ ಕೂಡ ಯಂತ್ರದಲ್ಲಿ ಉಳಿಯುವುದಿಲ್ಲ. ಸ್ವಿಚ್ ಆರಿಸಿದರೆ ಎಲ್ಲ ಮರೆಯುತ್ತವೆ. ಮತ್ತೆ ಹಾಕಿದಾಗ ಡ್ರೈವರ್ ಬಂದು ‘ನೀನೊಂದು ಪ್ರಿಂಟರ್’ ಎಂದು ನೆನಪಿಸಬೇಕು. ದುಡ್ಡು ಕೊಟ್ಟು ಕೊಂಡವನಿಗೆ ಸಿಕ್ಕಿದ್ದು ಗಾಡಿ ಮಾತ್ರ. ಎತ್ತು ಕಂಪನಿಯ ಕೊಟ್ಟಿಗೆಯಲ್ಲಿತ್ತು, ವಿಂಡೋಸ್ ಎಕ್ಸ್‌ಪಿ ಇರುವಷ್ಟು ದಿನ ಎರವಲು ಕೊಟ್ಟಿದ್ದರು.

ಗಾಡಿಗೆ ಏನಾದರೂ ಆಗಿದೆಯೇ ಎಂದರೆ ಅದೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 12ಎ ಕಾರ್ಟ್ರಿಜ್ ಕೇಳಿದರೆ ಒರಿಜಿನಲ್ಲೋ, ಕಂಪ್ಯಾಟಿಬಲ್ಲೋ, ರೀಫಿಲ್ಲೋ ಎಂದು ಮರುಪ್ರಶ್ನೆ ಬರುತ್ತದೆ. 1010ರಿಂದ 1022ರವರೆಗೆ, ಎಂ1005ರಂಥ ಜೆರಾಕ್ಸ್ ಸಮೇತದ ಮಾದರಿಗೂ ಇದೇ ಕಾರ್ಟ್ರಿಜ್. ಎಚ್‌ಪಿಯ ಈ ಸಣ್ಣ ಲೇಸರುಗಳ ಎಂಜಿನ್ ಮಾಡಿಕೊಟ್ಟದ್ದು ಕ್ಯಾನನ್ ಆದ್ದರಿಂದ ಎಲ್‌ಬಿಪಿ 2900ಕ್ಕೂ ಇದರದೇ ತದ್ರೂಪು ಹೊಂದುತ್ತದೆ. ಡ್ರಮ್, ಬ್ಲೇಡ್, ಪಿಕಪ್ ರೋಲರ್, ಫ್ಯೂಸರಿನ ಟೆಫ್ಲಾನ್ ಫಿಲ್ಮ್ ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ. ತಾಲ್ಲೂಕು ಕೇಂದ್ರಗಳಲ್ಲೂ ಕೆಲವು ನೂರು ರೂಪಾಯಿಗೆ ಟೋನರ್ ತುಂಬಿಕೊಡುವವರಿದ್ದಾರೆ. ಕಾಗದ ಎಳೆಯುವ ರಬ್ಬರು ನುಣುಪಾದರೆ ಅದನ್ನು ಬಿಚ್ಚಿ ಹೊಸದು ಹಾಕುವ ಕೈಗಳು ಊರೂರಲ್ಲಿವೆ. ಇಪ್ಪತ್ತು ವರ್ಷದ ಯಂತ್ರವೊಂದಕ್ಕೆ ಬಿಡಿಭಾಗ, ರಿಪೇರಿ, ಇಂಧನ ಮೂರೂ ಇವೆ. ಇಲ್ಲದ್ದು ಕೆಲವು ಎಂಬಿ ಗಾತ್ರದ ಒಂದು ಕಡತ ಮಾತ್ರ. ಉಕ್ಕು, ಪ್ಲಾಸ್ಟಿಕ್, ಗಾಜು, ತಾಮ್ರಗಳ ಇಡೀ ಯಂತ್ರವನ್ನು ಆ ಕಡತವಿಲ್ಲವೆಂದು ಗುಜರಿಗೆ ಹಾಕುವುದನ್ನು ‘ಕಾಲಕ್ಕೆ ತಕ್ಕ ಬದಲಾವಣೆ’ ಎಂದು ಕರೆಯುವುದರಲ್ಲಿ ಯಾವ ವಿವೇಕವೂ ಇಲ್ಲ. ವರ್ಚುವಲ್ ಮಷೀನ್ ಪ್ರಸ್ತಾಪಕ್ಕೆ ಬರುವುದು ಈ ಹಂತದಲ್ಲಿ. ಹಳೆಯ ಪ್ರಿಂಟರನ್ನು ವರ್ಚುವಲ್ ಮಷೀನಿನ ಮೂಲಕ ನಡೆಸುವುದನ್ನು ಹಲವರು ಜಿಪುಣರ ಕಸರತ್ತು ಎಂದೋ ಹವ್ಯಾಸಿಗಳ ಆಟ ಎಂದೋ ನೋಡುತ್ತಾರೆ. ನನ್ನ ವಾದ ಹೀಗಿದೆ: ಕಂಪನಿ ಕಂಪ್ಯೂಟರಿನಲ್ಲಿ ಇಟ್ಟಿದ್ದ ಪ್ರಿಂಟರಿನ ಆ ಇನ್ನರ್ಧವನ್ನು ಕಾಪಾಡಿಕೊಳ್ಳಲು ಮಾಲೀಕನಿಗೆ ಉಳಿದಿರುವ ನ್ಯಾಯವಾದ ದಾರಿ ಇದು, ಆದರೆ ಈ ಹೊರೆ ಮಾಲೀಕನ ಹೆಗಲಿಗೇ ಬಿದ್ದಿರುವುದು ನ್ಯಾಯವಲ್ಲ.

ಮೊದಲು ದಾರಿಯನ್ನು ನೋಡೋಣ. ವರ್ಚುವಲ್ ಮಷೀನ್ ಎಂದರೆ ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್. ವರ್ಚುವಲ್‌ಬಾಕ್ಸ್, ವಿಎಂವೇರ್, ಕ್ಯೂಇಎಂಯು ಮುಂತಾದವು ಈ ಕೆಲಸ ಮಾಡುತ್ತವೆ. ಹೊರಗಿನದು ವಿಂಡೋಸ್ 11 ಆಗಿದ್ದರೂ ಒಳಗೆ 32 ಬಿಟ್ ಎಕ್ಸ್‌ಪಿಯನ್ನು ಕೂರಿಸಬಹುದು, ಆ ಎಕ್ಸ್‌ಪಿಗೆ ತಾನೊಂದು 2003ರ ಪೆಟ್ಟಿಗೆಯಲ್ಲೇ ಇದ್ದೇನೆ ಎಂಬ ನಂಬಿಕೆ. ಇದು ಅಡ್ಡದಾರಿ ಎನ್ನುವವರು ಒಂದು ಸಂಗತಿ ನೆನಪಿಡಬೇಕು. 2009ರಲ್ಲಿ ವಿಂಡೋಸ್ 7 ಬಂದಾಗ, ಹಳೆಯ ತಂತ್ರಾಂಶಗಳನ್ನು ಬಿಡಲಾಗದ ಕಚೇರಿಗಳಿಗಾಗಿ ಮೈಕ್ರೋಸಾಫ್ಟೇ ‘ಎಕ್ಸ್‌ಪಿ ಮೋಡ್’ ಎಂಬುದನ್ನು ಕೊಟ್ಟಿತು. ಅದು ಲೈಸೆನ್ಸ್ ಸಮೇತ ಉಚಿತವಾಗಿ ಸಿಗುತ್ತಿದ್ದ, ಯುಎಸ್‌ಬಿ ಸಾಧನಗಳನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದ ವರ್ಚುವಲ್ ಎಕ್ಸ್‌ಪಿ. ಲೇಸರ್‌ಜೆಟ್ 1000ದಂಥ ಅನಾಥ ಪ್ರಿಂಟರುಗಳಿಗೆ ಅದೇ ಆಶ್ರಯವಾಯಿತು. ಅಂದರೆ ಸೇತುವೆ ಬೇಕು ಎಂಬುದನ್ನು ಕಾರ್ಯಾಚರಣ ವ್ಯವಸ್ಥೆ ಮಾಡಿದವರೇ ಒಪ್ಪಿದ್ದರು. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದ ಮೇಲೆ ಆ ಸೇತುವೆಯ ಉಸ್ತುವಾರಿಯನ್ನೂ ಬಿಟ್ಟರು.

ಕೆಲಸದ ಒಳಗುಟ್ಟು ಯುಎಸ್‌ಬಿಯನ್ನು ಯಾರು ಹಿಡಿಯಬೇಕು ಎಂಬುದರಲ್ಲಿದೆ. ಪ್ರತಿ ಯುಎಸ್‌ಬಿ ಸಾಧನಕ್ಕೂ ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ ಎಂದು ಎರಡು ಗುರುತುಗಳಿರುತ್ತವೆ. ಲೇಸರ್‌ಜೆಟ್ 1020ರದು 03ಎಫ್0 ಮತ್ತು 2ಬಿ17. ವರ್ಚುವಲ್‌ಬಾಕ್ಸಿನಲ್ಲಿ ಈ ಗುರುತಿಗೆ ಒಂದು ಫಿಲ್ಟರ್ ಬರೆದಿಟ್ಟರೆ, ಪ್ರಿಂಟರ್ ಎದ್ದ ಕೂಡಲೇ ಹೊರಗಿನ ವ್ಯವಸ್ಥೆ ಅದನ್ನು ಬಿಟ್ಟು ಒಳಗಿನ ಎಕ್ಸ್‌ಪಿಗೆ ಒಪ್ಪಿಸುತ್ತದೆ. ಫಿಲ್ಟರ್ ಹಾಕದೆ ಪ್ರತಿಸಲ ಕೈಯಿಂದ ಜೋಡಿಸುವವರಿಗೆ ಕಾಡುವ ತೊಂದರೆ ಎಲ್ಲರಿಗೂ ಗೊತ್ತಿರುವುದೇ: ಕರೆಂಟ್ ಹೋಗಿ ಬಂದರೆ ಪ್ರಿಂಟರ್ ತನ್ನ ಫರ್ಮ್‌ವೇರ್ ಮರೆತು, ಹೊರಗಿನ ಕಂಪ್ಯೂಟರಿನ ಕೈಗೆ ಸಿಕ್ಕು, ಹಸಿರು ದೀಪ ಹೊತ್ತಿಸಿಕೊಂಡೇ ಕಲ್ಲಿನಂತೆ ಕೂತಿರುತ್ತದೆ. ಇನ್ನೊಂದು ಸಣ್ಣ ವಿಷಯ, ಬಹಳ ಜನ ಇಲ್ಲೇ ಎಡವುತ್ತಾರೆ. ವರ್ಚುವಲ್ ಮಷೀನಿಗೆ ಯುಎಸ್‌ಬಿ 3.0 ಕಂಟ್ರೋಲರ್ ಕೊಟ್ಟರೆ ಎಕ್ಸ್‌ಪಿಗೆ ಅದರ ಪರಿಚಯವೇ ಇಲ್ಲ, 1.1 ಅಥವಾ 2.0 ಎಂದು ಇಳಿಸಿಕೊಡಬೇಕು. ಹೊರಗಿನದು ಲಿನಕ್ಸ್ ಆದರೆ ಬಳಕೆದಾರನನ್ನು ‘ವಿಬಾಕ್ಸ್‌ಯೂಸರ್ಸ್’ ಗುಂಪಿಗೆ ಸೇರಿಸದೆ ಯುಎಸ್‌ಬಿ ಪಟ್ಟಿಯೇ ಕಾಣಿಸುವುದಿಲ್ಲ. ಇಷ್ಟಾದ ಮೇಲೆ, ಒಳಗಿನ ಪ್ರಿಂಟರಿಗೆ ಹೊರಗಿನಿಂದ ಕೆಲಸ ಕಳಿಸುವುದು ಹೇಗೆ? ಮಾಮೂಲಿ ವಿಂಡೋಸ್ ಶೇರಿಂಗ್ ಉಪಯೋಗಕ್ಕೆ ಬಾರದು, ಏಕೆಂದರೆ ಅದು ಹೊರಗೂ ಅದೇ ಡ್ರೈವರ್ ಕೇಳುತ್ತದೆ. ಬಲ್ಲವರು ಹುಡುಕಿಕೊಂಡ ಉಪಾಯ ಚೆಂದವಾಗಿದೆ. ಹೊರಗಿನ ಕಂಪ್ಯೂಟರಿನಲ್ಲಿ ಒಂದು ಸಾಮಾನ್ಯ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಹಾಕುತ್ತಾರೆ. ಅದು ಕಳಿಸಿದ್ದನ್ನು ಎಕ್ಸ್‌ಪಿಯೊಳಗೆ ರೆಡ್‌ಮಾನ್ ಎಂಬ ಪುಟ್ಟ ತಂತ್ರಾಂಶ ಹಿಡಿದು ಘೋಸ್ಟ್‌ಸ್ಕ್ರಿಪ್ಟ್‌ಗೆ ದಾಟಿಸುತ್ತದೆ, ಘೋಸ್ಟ್‌ಸ್ಕ್ರಿಪ್ಟ್ ಅದನ್ನು ಓದಿ ಹಳೆಯ ಡ್ರೈವರಿಗೆ ಒಪ್ಪಿಸುತ್ತದೆ. ಪರಿಣಾಮವೇನೆಂದರೆ, ಭಾಷೆ ಬಾರದ ಯಂತ್ರವೊಂದು ಹೊರಗಿನವರ ಪಾಲಿಗೆ ಪೋಸ್ಟ್‌ಸ್ಕ್ರಿಪ್ಟ್ ಬಲ್ಲ ಪ್ರಿಂಟರ್ ಆಗಿಬಿಡುತ್ತದೆ. ಕಾರ್ಖಾನೆಯಲ್ಲಿ ಕಿತ್ತುಹಾಕಿದ್ದ ಬುದ್ಧಿಯನ್ನು ಮತ್ತೆ ಜೋಡಿಸಿದ ಹಾಗಾಯಿತು.

ಕನ್ನಡದ ಮಟ್ಟಿಗೆ ಈ ವಿಷಯಕ್ಕೆ ಇನ್ನೊಂದು ಮಗ್ಗುಲಿದೆ. ನಮ್ಮ ಡಿಟಿಪಿ ಅಂಗಡಿಗಳೂ ಸಣ್ಣ ಪ್ರಕಾಶನ ಸಂಸ್ಥೆಗಳೂ ವರ್ಷಾನುಗಟ್ಟಲೆ ಪುಟ ಕಟ್ಟಿದ್ದು ಪೇಜ್‌ಮೇಕರಿನಲ್ಲಿ. ಅದರ 7ನೇ ಆವೃತ್ತಿ 2001ರಲ್ಲಿ ಬಂತು, ಅದೇ ಕೊನೆ. ಯೂನಿಕೋಡ್ ಅದಕ್ಕೆ ತಿಳಿಯದು. ಅಕ್ಷರಗಳು ನುಡಿಯದೋ ಶ್ರೀಲಿಪಿಯದೋ ಆಸ್ಕಿ ಫಾಂಟುಗಳಲ್ಲಿ ಕೂತಿವೆ. ಆ ಕಡತಗಳಿಂದ ಪಠ್ಯವನ್ನಷ್ಟೇ ಎತ್ತಿ ಯೂನಿಕೋಡಿಗೆ ಪರಿವರ್ತಿಸಬಹುದು, ಅದಕ್ಕೆ ಸಾಧನಗಳಿವೆ. ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುತ್ತದೆ, ಸಾಲು ಮುರಿಯುವ ಜಾಗ ಬದಲಾಗುತ್ತದೆ, ಮುನ್ನೂರು ಪುಟದ ಪುಸ್ತಕದ ಪದಸೂಚಿ ಪೂರ್ತಿ ಹಾಳಾಗುತ್ತದೆ. ಮತ್ತೆ ಕರಡು ತಿದ್ದಬೇಕು. ಹತ್ತು ವರ್ಷದ ಹಿಂದಿನ ಪುಸ್ತಕದ ಮರುಮುದ್ರಣಕ್ಕೆ ಅಷ್ಟೆಲ್ಲ ಖರ್ಚು ಮಾಡುವ ಪ್ರಕಾಶಕ ಅಪರೂಪ. ಪೇಜ್‌ಮೇಕರಿನ ಡಾಕ್ಯುಮೆಂಟ್ ಸೆಟಪ್ಪಿನಲ್ಲೇ ಈ ಪುಟಗಳನ್ನು ಯಾವ ಪ್ರಿಂಟರಿಗಾಗಿ ಜೋಡಿಸಬೇಕು ಎಂದು ಕೇಳುವ ಆಯ್ಕೆಯೊಂದಿದೆ. ಅಂದರೆ ಕಡತ, ಫಾಂಟ್, ತಂತ್ರಾಂಶ, ಪ್ರಿಂಟರ್ ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿದ್ದ ಲೋಕ ಅದು. ಟ್ರೇಸಿಂಗ್ ಕಾಗದದ ಮೇಲೆ ಉಲ್ಟಾ ಔಟ್‌ಪುಟ್ ತೆಗೆದು ಆಫ್‌ಸೆಟ್ ಪ್ಲೇಟ್ ಮಾಡಿಸುತ್ತಿದ್ದ ಅಂಗಡಿಗಳಲ್ಲಿ ಆ ಪ್ರಿಂಟರಿನ ಗುಣಾವಗುಣಗಳೆಲ್ಲ ಕೆಲಸಗಾರರ ಕೈಗೆ ಗೊತ್ತಿದ್ದವು. ಎಕ್ಸ್‌ಪಿ, ಪೇಜ್‌ಮೇಕರ್, ನುಡಿ, ಪ್ರಿಂಟರ್ ಡ್ರೈವರ್ ನಾಲ್ಕನ್ನೂ ಹೊತ್ತ ಒಂದು ವರ್ಚುವಲ್ ಮಷೀನ್ ಕೆಲವೇ ಜಿಬಿ ಗಾತ್ರದ ಕಡತ. ಪೆನ್‌ಡ್ರೈವಿನಲ್ಲಿ ಪ್ರತಿ ತೆಗೆದಿಡಬಹುದು, ಕೆಟ್ಟರೆ ನಿನ್ನೆಯ ಸ್ಥಿತಿಗೆ ಮರಳಿಸಬಹುದು. ಗೆದ್ದಲು ಹಿಡಿಯುವ ಮುನ್ನ ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಬೇಕು ಎಂದು ಒಪ್ಪುವ ನಾವು, ಇಪ್ಪತ್ತು ವರ್ಷಗಳ ಅಕ್ಷರಜೋಡಣೆ ತೆರೆಯಲಾಗದ ಕಡತಗಳಲ್ಲಿ ಮುಚ್ಚಿಹೋಗುತ್ತಿರುವುದನ್ನು ಅಷ್ಟಾಗಿ ಗಮನಿಸಿಲ್ಲ.

ಇದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಬಲವಾದದ್ದು ಸುರಕ್ಷತೆಯದು. ಬೆಂಬಲ ನಿಂತ ಎಕ್ಸ್‌ಪಿಯನ್ನು ಕಚೇರಿಯೊಳಗೆ ಬಿಟ್ಟುಕೊಳ್ಳುವುದು ಕಳ್ಳನಿಗೆ ಬಾಗಿಲು ತೆರೆದಂತಲ್ಲವೇ ಎಂದು ಕೇಳುತ್ತಾರೆ. ಪ್ರಿಂಟಿಂಗಿನ ಚರಿತ್ರೆಯೂ ಈ ಭಯಕ್ಕೆ ಪುಷ್ಟಿ ಕೊಡುತ್ತದೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಹರಡಲು ಬಳಸಿಕೊಂಡ ಬಿರುಕುಗಳಲ್ಲಿ ವಿಂಡೋಸಿನ ಪ್ರಿಂಟ್ ಸ್ಪೂಲರಿನದೂ ಒಂದು. 2021ರ ಮಧ್ಯಭಾಗದ ‘ಪ್ರಿಂಟ್‌ನೈಟ್‌ಮೇರ್’ ಪ್ರಕರಣದಲ್ಲಿ, ಪ್ರಿಂಟರ್ ಡ್ರೈವರ್ ಸ್ಥಾಪಿಸುವ ನೆಪದಲ್ಲಿ ಇಡೀ ಕಂಪ್ಯೂಟರಿನ ಹಿಡಿತ ಪಡೆಯಬಹುದು ಎಂದು ಗೊತ್ತಾಯಿತು. 2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಹೊರಗಿನ ಕಂಪನಿಗಳ ಪ್ರಿಂಟರ್ ಡ್ರೈವರುಗಳನ್ನು ಹಂತಹಂತವಾಗಿ ಕೈಬಿಡುವ ಯೋಜನೆ ಪ್ರಕಟಿಸಿತು. ಮುಂದೆ ಐಪಿಪಿ ಎಂಬ ಸಾರ್ವತ್ರಿಕ ಕಟ್ಟಳೆಯಲ್ಲಿ ಮಾತಾಡುವ ಪ್ರಿಂಟರುಗಳಿಗೆ ವಿಂಡೋಸಿನದೇ ಒಂದು ಡ್ರೈವರ್ ಸಾಕು ಎಂಬುದು ಅದರ ನಿಲುವು. ಈ ನಿಲುವಿನಲ್ಲಿ ಹುರುಳಿದೆ. ಆದರೆ ಅದು ವರ್ಚುವಲ್ ಮಷೀನಿನ ವಿರುದ್ಧ ಸಾಕ್ಷಿ ಹೇಳುವುದಿಲ್ಲ, ಪರವಾಗಿ ಹೇಳುತ್ತದೆ. ಹಳೆಯ ಡ್ರೈವರ್ ಅಪಾಯಕಾರಿಯಾದರೆ ಅದನ್ನು ಎಲ್ಲಿಡಬೇಕು? ಕಚೇರಿಯ ಲೆಕ್ಕಪತ್ರವೆಲ್ಲ ಇರುವ ಮುಖ್ಯ ವ್ಯವಸ್ಥೆಯ ಗರ್ಭದಲ್ಲೋ, ಗೋಡೆ ಕಟ್ಟಿ ಬೇರ್ಪಡಿಸಿದ ಕೋಣೆಯಲ್ಲೋ? ವರ್ಚುವಲ್ ಎಕ್ಸ್‌ಪಿಗೆ ಇಂಟರ್ನೆಟ್ ಕೊಡಬೇಕಿಲ್ಲ. ಹೊರಗಿನ ಯಂತ್ರದೊಂದಿಗೆ ಮಾತ್ರ ಮಾತಾಡುವ ಆಂತರಿಕ ಜಾಲದ ಆಯ್ಕೆ ಇದೆ, ಶೇರ್ಡ್ ಫೋಲ್ಡರನ್ನು ಓದಲು ಮಾತ್ರ ಎಂದು ಬಿಗಿ ಮಾಡಬಹುದು. ಇಷ್ಟು ಮಾಡದೆ ಅದರಲ್ಲೇ ಬ್ರೌಸರ್ ತೆರೆದು ಮೇಲ್ ನೋಡುವವರಿಗೆ ಈ ಉತ್ತರ ಅನ್ವಯಿಸದು. ಡ್ರೈವರ್ ಹಾಕಲೆಂದು ಯಾವುದೋ ಗುರುತಿಲ್ಲದ ಜಾಲತಾಣದಿಂದ ಇಳಿಸಿಕೊಂಡ ‘ತಿದ್ದಿದ’ ಕಡತವನ್ನು ನೇರ ವಿಂಡೋಸ್ 11ರಲ್ಲೇ ಸಹಿ ಪರೀಕ್ಷೆ ಆರಿಸಿ ತುರುಕುವವರೂ ಇದ್ದಾರೆ. ಅದಕ್ಕೆ ಹೋಲಿಸಿದರೆ ವರ್ಚುವಲ್ ಮಷೀನ್ ಎಷ್ಟೋ ಪಾಲು ಮೇಲು.

ಎರಡನೆಯ ಆಕ್ಷೇಪ ಲೆಕ್ಕಾಚಾರದ್ದು. ಇಷ್ಟೆಲ್ಲ ತಿಣುಕುವ ಬದಲು ಹೊಸ ಪ್ರಿಂಟರ್ ತರಬಾರದೇ? ತಿಂಗಳಿಗೆ ಹತ್ತು ಪುಟ ತೆಗೆಯುವ ಮನೆಗೆ ಇದು ಸರಿಯಾದ ಪ್ರಶ್ನೆ, ಉತ್ತರ ‘ತರಬಹುದು’ ಎಂದೇ. ಅಂಥವರಿಗೆ ಎದುರಿನ ಜೆರಾಕ್ಸ್ ಅಂಗಡಿ ಇನ್ನೂ ಅಗ್ಗ. ಎಕ್ಸ್‌ಪಿಯ ಲೈಸೆನ್ಸ್ ತೊಡಕೂ ಇದೆ. ಹಳೆಯ ಪೆಟ್ಟಿಗೆಯ ಜೊತೆ ಬಂದ ಪರವಾನಗಿ ಆ ಪೆಟ್ಟಿಗೆಗೇ ಅಂಟಿದ್ದು, ವರ್ಚುವಲ್ ಮಷೀನಿಗೆ ದಾಟಿಸಲು ಬರುವುದಿಲ್ಲ. ಆದರೆ ದಿನಕ್ಕೆ ನೂರಾರು ಪುಟ ತೆಗೆಯುವ ಡಿಟಿಪಿ ಅಂಗಡಿ, ವಕೀಲರ ಕಚೇರಿ, ಶಾಲೆಗಳ ಲೆಕ್ಕ ಬೇರೆ. ಅವರು ಕೊಳ್ಳುವ ಹೊಸ ಯಂತ್ರ ಹಳೆಯದಕ್ಕಿಂತ ಹೆಚ್ಚು ಸ್ವತಂತ್ರವಾಗಿರುತ್ತದೆಯೇ ಎಂಬುದನ್ನು ಯಾರೂ ಕೇಳುವುದಿಲ್ಲ. 12ಎ ಕಾರ್ಟ್ರಿಜ್ಜನ್ನು ಯಾರು ತುಂಬಿದರು ಎಂದು 1020 ವಿಚಾರಿಸುವುದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿಯ ಕೆಲವು ಆಫೀಸ್‌ಜೆಟ್ ಮಾದರಿಗಳು ಅಲ್ಲಿಯವರೆಗೆ ಒಪ್ಪುತ್ತಿದ್ದ ಬೇರೆ ಕಂಪನಿಗಳ ಕಾರ್ಟ್ರಿಜ್‌ಗಳನ್ನು, ಫರ್ಮ್‌ವೇರಿನಲ್ಲಿದ್ದ ಏರ್ಪಾಡಿನಿಂದ, ಒಮ್ಮೆಲೇ ತಿರಸ್ಕರಿಸತೊಡಗಿದವು. ಆಮೇಲೆ ಬಂದ ಅದರ ‘ಎಚ್‌ಪಿ ಪ್ಲಸ್’ ಯೋಜನೆಗೆ ಸೇರಿದ ಪ್ರಿಂಟರುಗಳಿಗೆ ನಿರಂತರ ಇಂಟರ್ನೆಟ್ ಸಂಪರ್ಕವೂ ಕಂಪನಿಯದೇ ಶಾಯಿಯೂ ಕಡ್ಡಾಯ. ಹಿಂದೆ ಎತ್ತನ್ನು ತಾವಿಟ್ಟುಕೊಂಡವರು ಈಗ ಹುಲ್ಲನ್ನೂ ತಮ್ಮಲ್ಲೇ ಕೊಳ್ಳಬೇಕು ಎನ್ನುತ್ತಿದ್ದಾರೆ. ಹೊಸದನ್ನು ಕೊಂಡರೆ ಈಗಿನ ಡ್ರೈವರ್ ತಾಪತ್ರಯ ಮುಗಿಯುತ್ತದೆ ನಿಜ. ಯಂತ್ರ ಯಾರ ಮಾತು ಕೇಳುತ್ತದೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ, ಕೆಲವು ಮಾದರಿಗಳಲ್ಲಿ ಬಿಗಡಾಯಿಸುತ್ತದೆ.

ಮೂರನೆಯ ಆಕ್ಷೇಪ ಮುಕ್ತ ತಂತ್ರಾಂಶದ ಗೆಳೆಯರದು, ಅದನ್ನು ನಾನು ಹೆಚ್ಚು ಗೌರವದಿಂದ ಕೇಳಿಸಿಕೊಳ್ಳುತ್ತೇನೆ. ಎಕ್ಸ್‌ಪಿ ಎಂಬ ಹೆಣವನ್ನು ಏಕೆ ಕಾಯುತ್ತೀರಿ, ಲಿನಕ್ಸಿನಲ್ಲಿ ಈ ಪ್ರಿಂಟರುಗಳು ನಡೆಯುತ್ತವಲ್ಲ ಎಂಬುದು ಅವರ ಮಾತು. ಮಾತು ನಿಜ. ರಿಕ್ ರಿಚರ್ಡ್‌ಸನ್ ಎಂಬ ಪ್ರೋಗ್ರಾಮರ್ ಬರೆದ ‘ಫೂ2ಝಡ್‌ಜೆಎಸ್’ ಡ್ರೈವರ್ ಲೇಸರ್‌ಜೆಟ್ 1000, 1020 ಎರಡನ್ನೂ ನಡೆಸುತ್ತದೆ. ಕ್ಯಾನನ್ ಎಲ್‌ಬಿಪಿ 2900ರ ಗುಟ್ಟಿನ ಕಟ್ಟಳೆಯನ್ನು ತಂತಿಯ ಮೇಲೆ ಹರಿಯುವ ಸಂಕೇತಗಳಿಂದಲೇ ಊಹಿಸಿ ಬರೆದ ‘ಕ್ಯಾಪ್ಟ್‌ಡ್ರೈವರ್’ ಇದೆ. ಹೊರಗಿನದು ವಿಂಡೋಸ್ ಆಗಿಯೇ ಇರಬೇಕೆಂದರೆ ಒಳಗಿನ ವರ್ಚುವಲ್ ಮಷೀನಿನಲ್ಲಿ ಎಕ್ಸ್‌ಪಿ ಬದಲು ಪುಟ್ಟ ಲಿನಕ್ಸ್ ಕೂರಿಸಿದರಾಯಿತು. ಅದರ ಕಪ್ಸ್ ಎಂಬ ಮುದ್ರಣ ವ್ಯವಸ್ಥೆ ಪ್ರಿಂಟರನ್ನು ಐಪಿಪಿ ಮೂಲಕ ಹಂಚುತ್ತದೆ, ಹೊರಗಿನ ವಿಂಡೋಸಿಗೂ ಮೊಬೈಲಿಗೂ ಅದೊಂದು ಹೊಸ ಮಾದರಿಯ ನೆಟ್‌ವರ್ಕ್ ಪ್ರಿಂಟರಿನಂತೆ ಕಾಣುತ್ತದೆ. ಲೈಸೆನ್ಸಿನ ಗೋಜೂ ಇಲ್ಲ. ವಿಂಡೋಸಿನೊಳಗೆ ಲಿನಕ್ಸ್ ನಡೆಸಲು ಮೈಕ್ರೋಸಾಫ್ಟೇ ಕೊಡುವ ಡಬ್ಲ್ಯುಎಸ್‌ಎಲ್ 2 ಕೂಡ ಒಳಗಿಂದ ಒಂದು ಹಗುರ ವರ್ಚುವಲ್ ಮಷೀನೇ. ಯುಎಸ್‌ಬಿಯನ್ನು ಅದಕ್ಕೆ ದಾಟಿಸಿ ಹಳೆಯ ಪ್ರಿಂಟರ್ ನಡೆಸುವ ದಾರಿಯನ್ನು ಓಪನ್‌ಪ್ರಿಂಟಿಂಗ್ ಬಳಗದವರು ತೋರಿಸಿಕೊಟ್ಟಿದ್ದಾರೆ. ಪ್ರಿಂಟರ್ ಮಾತ್ರ ಬೇಕಾದವರಿಗೆ ಇದೇ ಒಳ್ಳೆಯ ದಾರಿ ಎಂದು ನಾನೂ ಒಪ್ಪುತ್ತೇನೆ. ಪೇಜ್‌ಮೇಕರ್ ಸಮೇತ ಬೇಕಾದವರಿಗೆ ಎಕ್ಸ್‌ಪಿ ತಪ್ಪಿದ್ದಲ್ಲ. ಆದರೆ ಮುಕ್ತ ಡ್ರೈವರೂ ಒಂದು ಕಡೆ ತಡೆಯುತ್ತದೆ. 1020ಕ್ಕೆ ಪ್ರತಿಸಲ ಉಣಿಸಬೇಕಾದ ಫರ್ಮ್‌ವೇರ್ ಕಂಪನಿಯ ಸ್ವತ್ತು; ಡ್ರೈವರಿನ ಜೊತೆ ಹಂಚುವಂತಿಲ್ಲ, ಬೇರೆಯಾಗಿ ಇಳಿಸಿಕೊಳ್ಳಬೇಕು. ಅದು ಸಿಗುವ ತಾಣ ಒಂದು ದಿನ ಮುಚ್ಚಿದರೆ, ಅಷ್ಟರೊಳಗೆ ಪ್ರತಿ ಇಟ್ಟುಕೊಳ್ಳದವನ ಪ್ರಿಂಟರ್ ಆ ರಾತ್ರಿ ಸ್ವಿಚ್ ಆರಿಸುವವರೆಗೆ ಮಾತ್ರ ಪ್ರಿಂಟರ್. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಝೆರಾಕ್ಸ್ ಪ್ರಿಂಟರಿನ ತಂತ್ರಾಂಶದ ಮೂಲ ಸಿಗದೆ ಕಾಗದ ಸಿಕ್ಕಿಕೊಂಡದ್ದನ್ನು ತಿಳಿಸುವ ಸಣ್ಣ ತಿದ್ದುಪಡಿಯನ್ನೂ ಮಾಡಲಾಗದ ಅನುಭವವೇ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸುವುದಕ್ಕೆ ಹಿನ್ನೆಲೆಯಾಯಿತು. ನಾಲ್ಕು ದಶಕ ಕಳೆದರೂ ಜಗಳ ನಿಂತಿರುವುದು ಅದೇ ಯಂತ್ರದ ಎದುರು.

ವರ್ಚುವಲ್ ಮಷೀನ್ ಶಾಶ್ವತ ಪರಿಹಾರ ಎಂದು ವಾದಿಸುವವನು ನಾನಲ್ಲ. ಅದಕ್ಕೂ ವಯಸ್ಸಾಗುತ್ತದೆ. 2020ರಲ್ಲಿ ಆಪಲ್ ಇಂಟೆಲ್ ಬಿಟ್ಟು ತನ್ನದೇ ಆರ್ಮ್ ಚಿಪ್ಪಿಗೆ ಹೊರಳಿದಾಗ ಇದು ಚೆನ್ನಾಗಿ ಕಂಡಿತು. ವರ್ಚುವಲ್ ಮಷೀನ್ ವೇಗವಾಗಿ ನಡೆಯುವುದು ಒಳಗಿನ ವ್ಯವಸ್ಥೆಗೂ ಹೊರಗಿನ ಪ್ರೊಸೆಸರಿಗೂ ಒಂದೇ ಜಾತಿಯ ಸೂಚನೆಗಳು ಅರ್ಥವಾದಾಗ. ಆರ್ಮ್ ಮೇಲೆ ಎಕ್ಸ್‌ಪಿ ನಡೆಸಬೇಕೆಂದರೆ ಇಂಟೆಲ್ ಪ್ರೊಸೆಸರನ್ನೇ ಅಕ್ಷರ ಅಕ್ಷರವಾಗಿ ಅನುಕರಿಸಬೇಕು, ಅದು ಎತ್ತಿನಗಾಡಿಯ ವೇಗ. ಆರ್ಮ್ ವಿಂಡೋಸ್ ಹಳೆಯ ಪ್ರೋಗ್ರಾಮುಗಳನ್ನು ಅನುವಾದಿಸಿ ನಡೆಸಿದರೂ ಡ್ರೈವರುಗಳ ವಿಷಯದಲ್ಲಿ ಖಡಾಖಂಡಿತ. ಆರ್ಮ್‌ಗೆಂದೇ ಬರೆದದ್ದು ಬೇಕು. 1020, 2900ಗಳು ಇಂದು ಇಂಟೆಲ್ ಕಂಪ್ಯೂಟರುಗಳಲ್ಲಿ 64 ಬಿಟ್ ಡ್ರೈವರಿನ ಕೃಪೆಯಿಂದ ಹೇಗೋ ನಡೆಯುತ್ತಿವೆ, ಆದರೆ ಅಂಗಡಿಗೆ ಆರ್ಮ್ ಲ್ಯಾಪ್‌ಟಾಪ್ ಬಂದ ದಿನ ಅವೂ ಲೇಸರ್‌ಜೆಟ್ 1000ದ ಸಾಲಿಗೆ ಸೇರುತ್ತವೆ. ವಿಂಡೋಸ್ 11ರ 24ಎಚ್2 ಆವೃತ್ತಿಯೊಂದಿಗೆ ಬಂದ ಸುರಕ್ಷಿತ ಮುದ್ರಣ ವಿಧಾನವನ್ನು ಆನ್ ಮಾಡಿದರೆ ಹೊರಗಿನ ಡ್ರೈವರುಗಳೆಲ್ಲ ಒಟ್ಟಿಗೇ ನಿಲ್ಲುತ್ತವೆ. ಆ ವೇಳೆಗೆ ಬೇಕಾಗುವುದು ಡ್ರೈವರಿನ ಪ್ರತಿಯಲ್ಲ, ಅದು ಪ್ರಿಂಟರಿನೊಂದಿಗೆ ಯಾವ ಮಾತಾಡುತ್ತದೆ ಎಂಬ ವಿವರ. ವಿವರ ಇದ್ದರೆ ಯಾವ ಚಿಪ್ಪಿಗಾದರೂ ಯಾರಾದರೂ ಹೊಸದಾಗಿ ಬರೆದಾರು. ಲೇಸರ್‌ಜೆಟ್ 4 ಮೂರು ದಶಕ ದಾಟಿ ಬಂದದ್ದು ಹಾಗೆ.

ಹೊಣೆಯ ಪ್ರಶ್ನೆ ಈಗ ಬರುತ್ತದೆ. ಭಾರತದ ಇ-ತ್ಯಾಜ್ಯ ನಿಯಮಗಳು 2022ರಲ್ಲಿ ರೂಪುಗೊಂಡು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಪ್ರಿಂಟರೂ ಅದರ ಕಾರ್ಟ್ರಿಜ್ಜೂ ಪಟ್ಟಿಯಲ್ಲಿವೆ. ತಯಾರಕರು ಮಾರಿದ ಮಾಲಿನ ಇಂತಿಷ್ಟು ಪಾಲು ತೂಕವನ್ನು ಮರುಬಳಕೆಗೆ ಒಪ್ಪಿಸಿದ ದಾಖಲೆ ತೋರಿಸಬೇಕು. ಮೊದಲ ಎರಡು ವರ್ಷ ಶೇ 60, ನಂತರದ ಎರಡು ವರ್ಷ ಶೇ 70, ಆಮೇಲೆ ಶೇ 80. ಹಳೆಯದನ್ನು ರಿಪೇರಿ ಮಾಡಿ ಮತ್ತೆ ಬಳಕೆಗೆ ತಂದರೆ ಆ ಹೊಣೆಯನ್ನು ಮುಂದೂಡುವ ಅವಕಾಶವೂ ನಿಯಮದಲ್ಲಿದೆ. ಚಿಂತನೆ ಒಳ್ಳೆಯದೇ. ಆದರೆ ರಿಪೇರಿಯವನು ರೋಲರ್ ಬದಲಿಸಬಲ್ಲ, ಫ್ಯೂಸರ್ ಕಟ್ಟಬಲ್ಲ. ಕಂಪನಿ ಬರೆಯದ ಡ್ರೈವರನ್ನು ಎಲ್ಲಿಂದ ತರಬೇಕು? ತೂಕದ ಲೆಕ್ಕದಲ್ಲಿ ತಂತ್ರಾಂಶಕ್ಕೆ ಜಾಗವಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ತೆರೆದ ‘ರಿಪೇರಿ ಹಕ್ಕು’ ಪೋರ್ಟಲಿನ ಉದ್ದೇಶ ತಯಾರಕರ ಕೈಪಿಡಿ, ಬಿಡಿಭಾಗ, ವಾರಂಟಿಗಳ ಮಾಹಿತಿ ಒಂದೆಡೆ ಸಿಗಲಿ ಎಂಬುದು. ಕೈಪಿಡಿ ಎಂಬುದರ ಅರ್ಥವನ್ನು ಅಲ್ಲಿ ಸ್ವಲ್ಪ ಹಿಗ್ಗಿಸಬೇಕು: ಒಂದು ಮಾದರಿಗೆ ಬೆಂಬಲ ನಿಲ್ಲಿಸುವ ದಿನ ಅದರ ಸಂವಹನ ಕಟ್ಟಳೆಯ ವಿವರವನ್ನೂ ಫರ್ಮ್‌ವೇರನ್ನು ಮರುಹಂಚುವ ಅನುಮತಿಯನ್ನೂ ಕಂಪನಿ ಸಾರ್ವಜನಿಕವಾಗಿ ಕೊಡಬೇಕು. ವ್ಯಾಪಾರದ ಗುಟ್ಟು ಬಯಲಾಗುತ್ತದೆ ಎಂದು ಕಂಪನಿಗಳು ಹೇಳಬಹುದು. ಹದಿನೈದಿಪ್ಪತ್ತು ವರ್ಷದ ಹಿಂದಿನ, ತಾವೇ ಮಾರುವುದನ್ನು ನಿಲ್ಲಿಸಿದ ಪ್ರಿಂಟರಿಗೆ ಚುಕ್ಕೆ ಕಳಿಸುವ ಕ್ರಮದಲ್ಲಿ ಕಾಪಾಡಬೇಕಾದ ಗುಟ್ಟು ಏನುಳಿದಿದೆ ಎಂದು ವಿವರಿಸುವ ಭಾರ ಆಗ ಅವರ ಮೇಲಿರಲಿ. ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಗ್ರಾಮ ಪಂಚಾಯಿತಿಯಿಂದ ವಿಶ್ವವಿದ್ಯಾಲಯದವರೆಗೆ ಸರ್ಕಾರಿ ದುಡ್ಡಿನಲ್ಲಿ ಪ್ರಿಂಟರ್ ಕೊಳ್ಳುವವರ ಟೆಂಡರಿನಲ್ಲಿ ನಿಮಿಷಕ್ಕೆ ಎಷ್ಟು ಪುಟ, ಎಷ್ಟು ಡಿಪಿಐ, ವೈಫೈ ಇದೆಯೇ ಎಂಬ ಸಾಲುಗಳ ಜೊತೆಗೆ, ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಅಥವಾ ಐಪಿಪಿ ಎವ್ರಿವೇರ್‌ಗಳಲ್ಲಿ ಒಂದಾದರೂ ಯಂತ್ರಕ್ಕೆ ಸ್ವತಃ ಬರಬೇಕು, ಕಂಪನಿಯ ಡ್ರೈವರ್ ಇಲ್ಲದೆ ಮುದ್ರಿಸಿ ತೋರಿಸಬೇಕು ಎಂಬ ಒಂದು ಸಾಲನ್ನು ಈ ವರ್ಷದಿಂದಲೇ ಸೇರಿಸಬಹುದು.